ಉತ್ತರ ಧ್ರುವದ ಕಪ್ಪು ಬಂಡೆ: ಯಾರೂ ಹೋಗದ ಜಾಗಕ್ಕೆ ನಕ್ಷೆ ಬರೆದದ್ದು ಹೇಗೆ?

[ತೆರೆಯ ಮೇಲೆ: ದುಂಡನೆಯ ಹಳೇ ನಕ್ಷೆ]

ಇದು ಉತ್ತರ ಧ್ರುವ. ನಾಲ್ಕು ದೊಡ್ಡ ದ್ವೀಪ, ಅವುಗಳ ನಡುವೆ ನಾಲ್ಕು ಹೊಳೆ, ಸರಿಯಾಗಿ ಮಧ್ಯಕ್ಕೆ ಒಂದು ಕಪ್ಪು ಬಂಡೆ! ಮೇರು ಪರ್ವತ ನೆನಪಾಯ್ತು ಅಲ್ವಾ? ನನಗೂ ಆಯ್ತು. ಆದರೆ ಸಂಬಂಧ ಕಲ್ಪಿಸಿ ಕಾಮೆಂಟ್ ಹಾಕಬೇಡಿ, ದಯವಿಟ್ಟು.

ಬರೆದವನು ಮರ್ಕೇಟರ್, 16ನೇ ಶತಮಾನದ ನಕ್ಷೆಗಾರ. ಶಾಲೆಯ ಗೋಡೆಯ ಭೂಪಟದಲ್ಲಿ ಗ್ರೀನ್‌ಲ್ಯಾಂಡನ್ನು ಊದಿಸಿದವನು ಅವನೇ. ಈ ನಕ್ಷೆ ಅಚ್ಚಾದದ್ದು 1595ರಲ್ಲಿ, ಅವನು ತೀರಿಕೊಂಡ ಮರುವರ್ಷ.

ನಿಮ್ಮಲ್ಲಿ ಹಲವರು ಕೇಳಿದ ಪ್ರಶ್ನೆ: ಇದೆಲ್ಲ ಸುಮ್ನೆ ಅಲಂಕಾರನಾ?

ಅಲ್ಲ. ಒಂದೊಂದು ಚಿತ್ರಕ್ಕೂ ಆಧಾರ ಇತ್ತು. ಎಂಥ ಆಧಾರ ಅನ್ನೋದೇ ತಮಾಷೆ. 14ನೇ ಶತಮಾನದ ಒಂದು ಪುಸ್ತಕ. ಅದು ಕಳೆದುಹೋಗಿದೆ. ಅದನ್ನು ಆಧರಿಸಿ ಕ್ನೋಯೆನ್ ಎಂಬ ಪ್ರವಾಸಿ ಇನ್ನೊಂದು ಪುಸ್ತಕ ಬರೆದ. ಅದೂ ಕಳೆದುಹೋಗಿದೆ. ಅದರ ಸಾರವನ್ನು ಮರ್ಕೇಟರ್ 1577ರಲ್ಲಿ ಇಂಗ್ಲೆಂಡಿನ ವಿದ್ವಾಂಸ ಜಾನ್ ಡೀಗೆ ಪತ್ರದಲ್ಲಿ ತಿಳಿಸಿದ. ಶುದ್ಧ ಅಂತೆಕಂತೆ! ಸಮುದ್ರದ ನೀರು ಒಳಗೆ ನುಗ್ಗಿ, ಲಾಳಿಕೆಗೆ ಸುರಿದಂತೆ ಭೂಮಿಯೊಳಗೆ ಇಳಿಯುತ್ತದಂತೆ. ಬಂಡೆ ಪೂರ್ತಿ ಅಯಸ್ಕಾಂತವಂತೆ. ಒಂದು ದ್ವೀಪದ ಮೇಲೆ ಬರೆದದ್ದು ನೋಡಿ: ಇಲ್ಲಿರುವ ಕುಳ್ಳರು ಹೆಚ್ಚೆಂದರೆ 4 ಅಡಿ ಎತ್ತರ.

[ಕ್ಯಾಮೆರಾ ನಕ್ಷೆಯ ಮೇಲ್ಭಾಗಕ್ಕೆ]

ಈಗ ನನ್ನ ಇಷ್ಟದ ಜಾಗ. ಏಷ್ಯಾ, ಅಮೆರಿಕಗಳ ನಡುವೆ ಇನ್ನೊಂದು ಪುಟ್ಟ ಬಂಡೆ ಇದೆ, ಕಾಣಿಸ್ತಾ? ದಿಕ್ಸೂಚಿಯ ಮುಳ್ಳು ನೇರ ಉತ್ತರಕ್ಕೆ ನಿಲ್ಲುವುದಿಲ್ಲ, ಊರಿಂದೂರಿಗೆ ಅದರ ವಾಲಿಕೆ ಬದಲಾಗುತ್ತದೆ ಎಂದು ನಾವಿಕರಿಗೆ ಗೊತ್ತಿತ್ತು. ಆ ಅಳತೆಗಳಿಂದ ಮರ್ಕೇಟರ್ ಲೆಕ್ಕ ಹಾಕಿ, ಕಾಂತಧ್ರುವ, ಅಂದರೆ ಮುಳ್ಳು ತೋರಿಸುವ ಜಾಗ, ಉತ್ತರ ಧ್ರುವದಲ್ಲಲ್ಲ, ಬೇರೆ ಕಡೆ ಇದೆ ಎಂದು ಗುರುತು ಹಾಕಿದ. ಅಂದರೆ ಕಥೆಯ ಬಂಡೆ ನಡುವೆ, ಲೆಕ್ಕದ ಬಂಡೆ ಪಕ್ಕದಲ್ಲಿ. ಒಂದೇ ಹಾಳೆ! ಕಥೆಯನ್ನು ಬಿಡಲು ಮನಸ್ಸಿಲ್ಲ, ಲೆಕ್ಕವನ್ನು ಬಿಡುವ ಹಾಗಿಲ್ಲ. ಅವನನ್ನು ನೋಡಿ ನಗುವವರು ಈ ಎರಡನೇ ಬಂಡೆಯನ್ನು ತೋರಿಸುವುದೇ ಇಲ್ಲ. ನನಗೆ ಸಿಟ್ಟು ಬರುವುದು ಅದಕ್ಕೇ.

ಟೈಮ್ ಆಗ್ತಿದೆ, ಉಳಿದದ್ದು ಬೇಗ ಬೇಗ. ಮೂಲೆಯ ವೃತ್ತದಲ್ಲಿರುವ ಫ್ರಿಸ್‌ಲ್ಯಾಂಡ್ ಎಂಬ ದ್ವೀಪ ಇಲ್ಲವೇ ಇಲ್ಲ. 1596ರಲ್ಲಿ ಡಚ್ ನಾವಿಕ ಬ್ಯಾರೆಂಟ್ಸ್ ಉತ್ತರದ ಹಿಮಸಾಗರದಲ್ಲಿ ಸ್ಪಿಟ್ಸ್‌ಬರ್ಗನ್ ಎಂಬ ನಿಜವಾದ ದ್ವೀಪ ಕಂಡ. ನಕ್ಷೆಯ ತಾಮ್ರದ ತಗಡು ಆಮೇಲೆ ನಕ್ಷೆ ಪ್ರಕಾಶಕ ಹೊಂಡಿಯಸ್ ಕೈಗೆ ಬಂತು. 1606ರ ಮುದ್ರಣದಲ್ಲಿ ಒಂದು ದ್ವೀಪದ ಅಂಚನ್ನು ಅಳಿಸಿ ಸ್ಪಿಟ್ಸ್‌ಬರ್ಗನ್‌ಗೆ ಜಾಗ ಮಾಡಿದರು. ತಾಮ್ರದಲ್ಲಿ ಅಳಿಸುವುದು ಅಂದರೆ ಹೆರೆದು, ಹಿಂದಿನಿಂದ ಬಡಿದು, ಉಜ್ಜಿ ಮತ್ತೆ ಕೊರೆಯುವುದು. ಕಪ್ಪು ಬಂಡೆ ಮಾತ್ರ ಅಲ್ಲೇ ಉಳಿಯಿತು.

ದಕ್ಷಿಣ ಧ್ರುವ? ಫ್ರಾನ್ಸಿನ ನಕ್ಷೆಗಾರ ಒರಾನ್ಸ್ ಫಿನೆ 1531ರಲ್ಲೇ ಅಲ್ಲೊಂದು ಖಂಡ ಬರೆದು, 'ಇತ್ತೀಚೆಗೆ ಸಿಕ್ಕಿದೆ, ಇನ್ನೂ ಪೂರ್ತಿ ತಿಳಿದಿಲ್ಲ' ಎಂದು ಸೇರಿಸಿದ. ಅಂಟಾರ್ಕ್ಟಿಕಾ ಕಣ್ಣಿಗೆ ಬಿದ್ದದ್ದು 1820ರಲ್ಲಿ. 'ಪೂರ್ತಿ' ತಿಳಿದಿಲ್ಲವಂತೆ ಸ್ವಾಮಿ!