ರಿಪೋರ್ಟಿನಲ್ಲಿ ‘ಸ್ವಲ್ಪ ವ್ಯತ್ಯಾಸ’ ಅಂತ ಬಂದರೆ

ಕೇಳುಗರಿಗೆ ನಮಸ್ಕಾರ.

ನಾನು ಲ್ಯಾಬಿನಲ್ಲಿ ಕೂರುವ ಡಾಕ್ಟರು. ಗರ್ಭಕೋಶದ ಕೊರಳಿನ ಕ್ಯಾನ್ಸರಿನ ಸುಳಿವನ್ನು ಮುಂಚೆಯೇ ಹುಡುಕುವ ಪ್ಯಾಪ್ ಸ್ಮಿಯರ್ ಅನ್ನುವ ಪರೀಕ್ಷೆಗೆ ಸ್ಯಾಂಪಲ್ ತೆಗೆಯುವವರು ಬೇರೆ. ಅದನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ರಿಪೋರ್ಟ್ ಬರೆಯುವವಳು ನಾನು. ಹಾಗಾಗಿ ರೋಗಿಗಳ ಮುಖ ನನಗೆ ಅಷ್ಟಾಗಿ ಕಾಣುವುದಿಲ್ಲ. ಆದರೂ ಆಗಾಗ ಯಾರಾದರೂ ರಿಪೋರ್ಟ್ ಹಿಡಿದುಕೊಂಡು ನನ್ನ ಬಾಗಿಲಿಗೇ ಬಂದುಬಿಡುತ್ತಾರೆ. ರಾತ್ರಿಯೆಲ್ಲ ಮೊಬೈಲಿನಲ್ಲಿ ಹುಡುಕಿ, ನಿದ್ದೆಗೆಟ್ಟು, “ಮೇಡಂ, ಅಬ್‌ನಾರ್ಮಲ್ ಅಂತ ಬರೆದಿದ್ದೀರಿ. ಕ್ಯಾನ್ಸರಾ?” ಅಂತ ಕೇಳುತ್ತಾರೆ.

ಆ ಪದ ಬರೆದವಳು ನಾನೇ. ಹಾಗಾಗಿ ಅದನ್ನು ಬರೆಯುವಾಗ ನನ್ನ ಕಣ್ಣಿಗೆ ಏನು ಕಂಡಿರುತ್ತದೆ ಅನ್ನುವುದನ್ನೂ ನಾನೇ ಹೇಳಬೇಕು, ಅಲ್ವಾ?

ಗರ್ಭಕೋಶದ ಕೊರಳಿನ ಮೇಲ್ಪದರದಿಂದ ಒಂದು ಪುಟ್ಟ ಬ್ರಷ್ ಅಥವಾ ಮರದ ಕಡ್ಡಿಯಲ್ಲಿ ಸವರಿ ತೆಗೆದ ಜೀವಕೋಶಗಳು ಗಾಜಿನ ಸ್ಲೈಡಿನ ಮೇಲೆ ನನ್ನ ಹತ್ತಿರ ಬರುತ್ತವೆ. ಬಣ್ಣ ಹಾಕಿ ನೋಡಿದರೆ ಒಂದೊಂದು ಕೋಶವೂ ತೆಳ್ಳಗಿನ ಹಪ್ಪಳದ ಹಾಗೆ. ನಡುವೆ ಒಂದು ಮೆಣಸಿನಕಾಳು ಇಟ್ಟಂತೆ ಕಾಣುವುದು ಅದರ ಕೇಂದ್ರ. ನನ್ನ ಕೆಲಸದ ಬಹುಪಾಲು ಆ ಕಾಳಿನ ಗಾತ್ರ, ಬಣ್ಣ, ಅಂಚು ನೋಡುವುದೇ. ಕಾಳು ಮಾಮೂಲಿಗಿಂತ ಎರಡೂವರೆಯಿಂದ ಮೂರು ಪಟ್ಟು ದೊಡ್ಡದಾಗಿದೆ, ಬೇರೆ ಏನೂ ಅಷ್ಟು ಕೆಟ್ಟಿಲ್ಲ ಅಂದರೆ ರಿಪೋರ್ಟಿನಲ್ಲಿ ‘ಆಸ್ಕಸ್’ ಅಂತ ಬರೆಯುತ್ತೇನೆ. “ಏನೋ ಸ್ವಲ್ಪ ಬೇರೆ ಥರ ಇದೆ, ಯಾಕೆ ಅಂತ ಇಷ್ಟರಿಂದಲೇ ಹೇಳಲಾರೆ” ಅಂತ ಅದರ ಅರ್ಥ. ಮೂರು ಪಟ್ಟು ದಾಟಿ, ಬಣ್ಣವೂ ಗಾಢವಾಗಿ, ಅಂಚು ಸೊಟ್ಟಗಾಗಿದ್ದರೆ ‘ಎಲ್‌ಸಿಲ್’. ಅಂದರೆ ಕೆಳಹಂತದ ಬದಲಾವಣೆ. ಅಮೆರಿಕದ ಬೆಥೆಸ್ಡಾ ಎಂಬ ಊರಿನಲ್ಲಿ 1988ರಲ್ಲಿ ತಜ್ಞರು ಸೇರಿ ಹೀಗೆ ಬರೆಯುವ ಪದ್ಧತಿ ಶುರು ಮಾಡಿದರು. ನಮ್ಮ ಲ್ಯಾಬುಗಳಲ್ಲೂ ಅದೇ ನಡೆಯುತ್ತಿದೆ.

ಹಾಗಾದರೆ ಕಾಳು ಯಾಕೆ ದಪ್ಪಗಾಗುತ್ತದೆ?

ದೊಡ್ಡ ಕಾರಣ ಒಂದು ವೈರಸ್. ಎಚ್‌ಪಿವಿ ಅಂತ ಹೆಸರು. ಇದರಲ್ಲಿ ನೂರಕ್ಕೂ ಜಾಸ್ತಿ ಬಗೆಗಳಿವೆ. ಕೈಯಲ್ಲಿ ನರುಲಿ ಎಬ್ಬಿಸುವುದೂ ಇದೇ ಕುಟುಂಬದ್ದೇ. ಕೊರಳಿನ ಕ್ಯಾನ್ಸರಿಗೆ ಕಾರಣವಾಗಬಲ್ಲವು ಸುಮಾರು ಹದಿನಾಲ್ಕು ಬಗೆ. ಅವುಗಳಲ್ಲೂ 16 ಮತ್ತು 18ನೇ ನಂಬರಿನವು ಮುಖ್ಯ ಅಪರಾಧಿಗಳು. ಹತ್ತರಲ್ಲಿ ಏಳು ಕ್ಯಾನ್ಸರ್ ಇವೆರಡರಿಂದಲೇ. ಈ ನಂಟನ್ನು ತೋರಿಸಿಕೊಟ್ಟ ಜರ್ಮನಿಯ ಹರಾಲ್ಡ್ ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ವೈರಸ್ ಹೊಕ್ಕ ಕೋಶ ಎಷ್ಟೋ ಸಲ ನೋಡಿದರೆ ಗೊತ್ತಾಗಿಬಿಡುತ್ತದೆ. ಮಳೆ ಬರುವ ಮುಂಚೆ ಚಂದ್ರನ ಸುತ್ತ ಬಳೆ ಕಟ್ಟುತ್ತದಲ್ಲ, ಹಾಗೆ ಕಾಳಿನ ಸುತ್ತ ಒಂದು ಖಾಲಿ ಬಳೆ.

ಇಲ್ಲಿ ಒಂದು ವಿಷಯ ಸ್ವಲ್ಪ ನಿಂತು ಹೇಳುತ್ತೇನೆ, ಯಾಕೆಂದರೆ ಈ ವೈರಸ್ಸಿನ ಹೆಸರು ಕೇಳಿ ಸಂಸಾರದಲ್ಲಿ ಜಗಳ ಹತ್ತಿದ್ದು ನನಗೆ ಗೊತ್ತು. ಇದು ಮುಖ್ಯವಾಗಿ ದೇಹ ಸಂಬಂಧದಿಂದ ಹರಡುತ್ತದೆ, ನಿಜ. ಆದರೆ ಗಂಡು ಹೆಣ್ಣು ಅನ್ನದೆ ಹೆಚ್ಚಿನವರಿಗೆ ಜೀವನದಲ್ಲಿ ಒಮ್ಮೆಯಾದರೂ ತಗಲಿ ಹೋಗುವ ವೈರಸ್ ಇದು. ಯಾವ ಸೂಚನೆಯೂ ಕೊಡುವುದಿಲ್ಲ. ವರ್ಷಗಟ್ಟಲೆ ಸುಮ್ನೆ ಅಡಗಿ ಕೂತು ಆಮೇಲೆ ತಲೆ ಎತ್ತಬಹುದು. ಇವತ್ತು ಸ್ಲೈಡಿನಲ್ಲಿ ಕಂಡಿತು ಅಂದರೆ ಮೊನ್ನೆ ಬಂತು ಅಂತಲ್ಲ. ಮದುವೆಯಾದ ಹೊಸತರಲ್ಲೇ ಬಂದಿರಬಹುದು. ಯಾರಿಂದ ಬಂತು, ಯಾವಾಗ ಬಂತು ಅಂತ ನನ್ನ ಮೈಕ್ರೋಸ್ಕೋಪ್ ಹೇಳಲಾರದು. ಬೇರೆ ಯಾವ ಟೆಸ್ಟೂ ಹೇಳಲಾರದು. ಗಂಡನನ್ನೋ ಹೆಂಡತಿಯನ್ನೋ ನಿಲ್ಲಿಸಿ ಕೇಳುವುದಕ್ಕೆ ಈ ರಿಪೋರ್ಟ್ ಸಾಕ್ಷಿಯಲ್ಲ.

ಹತ್ತರಲ್ಲಿ ಒಂಬತ್ತು ಜನರ ದೇಹ ಈ ವೈರಸ್ಸನ್ನು ಎರಡು ವರ್ಷದೊಳಗೆ ತಾನೇ ಓಡಿಸಿಬಿಡುತ್ತದೆ. ಕೆಳಹಂತದ ಬದಲಾವಣೆಯೂ ಅದರ ಜೊತೆಗೆ ಹೆಚ್ಚಾಗಿ ಮಾಯವಾಗುತ್ತದೆ. ಹೋಗದೆ ಉಳಿದರೆ ಮಾತ್ರ ಚಿಂತೆ. ಹಾಗೆ ಉಳಿದರೂ ಕ್ಯಾನ್ಸರ್ ಆಗುವುದಕ್ಕೆ ಸಾಮಾನ್ಯವಾಗಿ ಹದಿನೈದು ಇಪ್ಪತ್ತು ವರ್ಷ ಬೇಕು. ಎಚ್‌ಐವಿ ಇರುವವರಲ್ಲಿ ಇನ್ನೂ ಬೇಗ, ಐದರಿಂದ ಹತ್ತು ವರ್ಷದಲ್ಲೇ ಆಗಬಹುದು. ಕಿಡ್ನಿ ಬದಲಾಯಿಸಿಕೊಂಡು ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ತಿನ್ನುವವರೂ ಹುಷಾರಾಗಿರಬೇಕು. ಬೀಡಿ, ಸಿಗರೇಟು ಸೇದುವವರಲ್ಲೂ ವೈರಸ್ ಸುಲಭಕ್ಕೆ ಬಿಟ್ಟು ಹೋಗುವುದಿಲ್ಲ.

ವೈರಸ್ ಇಲ್ಲದೆಯೂ ಆಸ್ಕಸ್ ಬರುತ್ತದೆ. ಸೋಂಕು ಅಂಥ ಒಂದು ಕಾರಣ. ಬಿಳಿ ಹೋಗುತ್ತದೆ, ತುರಿಕೆ, ಉರಿ ಅಂತ ಬರುವವರ ಸ್ಲೈಡಿನಲ್ಲಿ ಒಮ್ಮೊಮ್ಮೆ ಶಿಲೀಂಧ್ರದ ಎಳೆಗಳು ಕಾಣುತ್ತವೆ. ಹೂವನ್ನು ದಾರಕ್ಕೆ ಪೋಣಿಸಿದ ಹಾಗೆ ಕೋಶಗಳು ಆ ಎಳೆಗೆ ಸಾಲಾಗಿ ಚುಚ್ಚಿಕೊಂಡಿರುತ್ತವೆ. ನೋಡುವುದಕ್ಕೆ ಚಂದ, ಅನುಭವಿಸುವವರಿಗೆ ಹಿಂಸೆ! ಸಕ್ಕರೆ ಕಾಯಿಲೆ ಇರುವವರಿಗೆ ಇದು ಜಾಸ್ತಿ. ಇನ್ನು ಟ್ರೈಕೊಮೋನಾಸ್ ಅನ್ನುವ ಪರಾವಲಂಬಿ ಇದೆ. ಅದೂ ಕಾಳಿನ ಸುತ್ತ ಒಂದು ಚಿಕ್ಕ ಬಳೆ ಮೂಡಿಸಿ, ಇದು ಎಚ್‌ಪಿವಿಯೇನೋ ಅಂತ ನಮ್ಮನ್ನೇ ಗೊಂದಲಕ್ಕೆ ಬೀಳಿಸುತ್ತದೆ. ಉರಿಯೂತ ಇದ್ದಾಗ ಕೋಶಗಳು ಗಾಬರಿಗೊಂಡ ಹಾಗೆ ಊದಿಕೊಳ್ಳುತ್ತವೆ. ಔಷಧಿ ತೆಗೆದುಕೊಂಡು ಸೋಂಕು ಹೋದ ಮೇಲೆ ಮತ್ತೆ ನೋಡಿದರೆ ಎಷ್ಟೋ ಸಲ ಏನೂ ಇರುವುದಿಲ್ಲ.

ಮುಟ್ಟು ನಿಂತವರದು ಇನ್ನೊಂದು ಕತೆ. ಈಸ್ಟ್ರೋಜನ್ ಹಾರ್ಮೋನ್ ಇಳಿದ ಮೇಲೆ ಕೋಶಗಳು ಪೂರ್ತಿ ಬೆಳೆಯುವುದಿಲ್ಲ. ಹಪ್ಪಳದ ಗಾತ್ರಕ್ಕೆ ಬರುವ ಮುಂಚೆಯೇ ಪುಟ್ಟ ಸಂಡಿಗೆಯಷ್ಟಕ್ಕೆ ನಿಂತುಬಿಡುತ್ತವೆ. ಆಗ ಅದೇ ಕಾಳು ದೊಡ್ಡದಾಗಿ ಕಾಣುತ್ತದೆ. ಐವತ್ತೈದು ಅರವತ್ತರ ಹೆಂಗಸರ ಸ್ಲೈಡುಗಳಲ್ಲಿ ನನಗೆ ಅತಿ ಹೆಚ್ಚು ತಲೆನೋವು ಕೊಡುವುದು ಇದೇ. ಇಂಥವರಿಗೆ ಡಾಕ್ಟರು ಕೆಲವು ವಾರ ಈಸ್ಟ್ರೋಜನ್ ಕ್ರೀಮ್ ಹಚ್ಚಲು ಹೇಳಿ, ಆಮೇಲೆ ಮತ್ತೆ ಸ್ಮಿಯರ್ ತೆಗೆಯುವುದುಂಟು.

ಹೆರಿಗೆಯಾದ ಹೊಸತರಲ್ಲಿ ಗಾಯ ಮಾಗುವಾಗ, ಕಾಪರ್ ಟಿ ಹಾಕಿಸಿಕೊಂಡಾಗ ಕೂಡ ಕೋಶಗಳು ಸ್ವಲ್ಪ ವೇಷ ಬದಲಿಸುತ್ತವೆ. ಇನ್ನೊಂದನ್ನು ಜನ ಯೋಚಿಸುವುದೇ ಇಲ್ಲ: ಬಿ12, ಫೋಲಿಕ್ ಆಸಿಡ್ ಕೊರತೆ. ಇವು ಕಡಿಮೆಯಾದರೆ ರಕ್ತದ ಕಣ ಮಾತ್ರವಲ್ಲ, ಗರ್ಭಕೋಶದ ಕೊರಳಿನ ಕೋಶವೂ ಊದುತ್ತದೆ. ಸ್ಲೈಡ್ ಜೊತೆ ಬರುವ ಚೀಟಿಯಲ್ಲಿ ‘ರಕ್ತ ಕಡಿಮೆ ಇದೆ’ ಅಂತ ಒಂದು ಸಾಲು ಇದ್ದರೆ ನನಗೆ ಎಷ್ಟು ಉಪಕಾರ ಗೊತ್ತಾ? ಹೆಚ್ಚಿನ ಚೀಟಿಗಳಲ್ಲಿ ವಯಸ್ಸು ಬಿಟ್ಟರೆ ಬೇರೇನೂ ಇರುವುದಿಲ್ಲ. ಕೊನೆಯ ಮುಟ್ಟಿನ ತಾರೀಕೂ ಇಲ್ಲ.

ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸ್ಮಿಯರ್ ಬದಲು ಇನ್ನೊಂದು ಪರೀಕ್ಷೆ ಮಾಡುತ್ತಾರೆ. 30ರಿಂದ 65 ವರ್ಷದವರಿಗೆ ಐದು ವರ್ಷಕ್ಕೊಮ್ಮೆ ಅಂತ ಸರ್ಕಾರದ ನಿಯಮ. ವಿನೆಗರ್ ಥರದ ಹುಳಿ ದ್ರಾವಣ ಸವರಿ, ಒಂದು ನಿಮಿಷ ಕಾದು, ಬೆಳ್ಳಗೆ ಮಚ್ಚೆ ಏಳುತ್ತದಾ ಅಂತ ನೋಡುವುದು. ಅಲ್ಲಿಯೂ ಇದೇ ಮಾತು. ಉರಿಯೂತ ಇದ್ದರೂ ಬೆಳ್ಳಗಾಗಬಹುದು.

ಸರಿ, ಮುಂದೆ ಏನು? ಆಸ್ಕಸ್ ಬಂದರೆ ಎಚ್‌ಪಿವಿ ಟೆಸ್ಟ್ ಮಾಡಿಸುವುದು ಒಳ್ಳೆಯ ದಾರಿ. ವೈರಸ್ ಇಲ್ಲ ಅಂತ ಬಂದರೆ ಮನಸ್ಸು ನಿರಾಳ. ಈ ಟೆಸ್ಟಿನ ಬಲ ಗೊತ್ತಾದದ್ದು ನಮ್ಮ ಕಲಬುರಗಿ ಗಡಿಗೆ ತಾಗಿದ, ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗ ಧಾರಾಶಿವ) ಜಿಲ್ಲೆಯ ಹಳ್ಳಿಗಳಲ್ಲಿ. ಒಂದು ಲಕ್ಷ ಮೂವತ್ತು ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಸೇರಿಸಿಕೊಂಡು ಮಾಡಿದ ಅಧ್ಯಯನ ಅದು. ಒಂದೇ ಒಂದು ಸಲ ಎಚ್‌ಪಿವಿ ಟೆಸ್ಟ್ ಮಾಡಿದ ಗುಂಪಿನಲ್ಲಿ ಈ ಕ್ಯಾನ್ಸರಿನ ಸಾವು ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಿತು. 2009ರಲ್ಲಿ ಅದರ ಫಲಿತಾಂಶ ಬಂದಾಗ ಜಗತ್ತೇ ತಿರುಗಿ ನೋಡಿತು. ಆಸ್ಕಸ್ ಬಂದವರಿಗೆ ಎಚ್‌ಪಿವಿ ಟೆಸ್ಟ್ ಮಾಡಿಸಲು ಆಗದಿದ್ದರೆ ವರ್ಷದ ಮೇಲೆ ಮತ್ತೆ ಸ್ಮಿಯರ್ ಮಾಡಿಸಬೇಕು. ವೈರಸ್ ಇದ್ದರೆ ಕಾಲ್ಪೋಸ್ಕೋಪಿ. ಅಂದರೆ ದೊಡ್ಡದು ಮಾಡಿ ತೋರಿಸುವ ಲೆನ್ಸಿನಲ್ಲಿ ಕೊರಳನ್ನು ನೋಡುವುದು, ಬೇಕಾದರೆ ಚೂರು ತೆಗೆದು ನಮಗೆ ಕಳಿಸುವುದು. ಸ್ವಲ್ಪ ವ್ಯತ್ಯಾಸ ಇದೆ ಅಂದ ತಕ್ಷಣ ಗರ್ಭಕೋಶವನ್ನೇ ತೆಗೆಸಿಬಿಡೋಣ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಇನ್ನೊಬ್ಬ ಡಾಕ್ಟರನ್ನು ಕೇಳಿ.

ಆದರೆ ಗಂಡನ ಜೊತೆ ಸೇರಿದ ಮೇಲೆ ರಕ್ತ ಬಂದರೆ, ಮುಟ್ಟು ನಿಂತು ವರ್ಷಗಳಾದ ಮೇಲೆ ರಕ್ತ ಕಂಡರೆ, ರಿಪೋರ್ಟ್ ಏನೇ ಹೇಳಲಿ, ಕಾಯಬೇಡಿ. ಹಾಗೆಯೇ ‘ಎಚ್‌ಸಿಲ್’ ಅಂತ ಬರೆದಿದ್ದರೆ ಅದು ಮೇಲ್ಹಂತ. ಇವತ್ತು ನಾನು ಹೇಳಿದ ಸಮಾಧಾನ ಅದಕ್ಕೆ ಅನ್ವಯಿಸುವುದಿಲ್ಲ.

ಮತ್ತೆ ಸ್ಮಿಯರ್‌ಗೆ ಹೋಗುವಾಗ ಮುಟ್ಟಿನ ದಿನ ಬೇಡ. ಎರಡು ದಿನ ಮುಂಚಿನಿಂದ ಒಳಗೆ ಕ್ರೀಮ್, ಮಾತ್ರೆ ಇಡುವುದು, ಒಳಗಡೆ ತೊಳೆಯುವುದು, ಸಂಬಂಧ, ಇವೂ ಬೇಡ. ಹಳೆಯ ರಿಪೋರ್ಟನ್ನು ಬೀರುವಿನಿಂದ ತೆಗೆದು ಜೊತೆಗೆ ಕೊಂಡುಹೋಗಿ. ಅದರಲ್ಲಿ ಒಂದು ನಂಬರ್ ಇರುತ್ತದೆ. ಆ ನಂಬರ್ ಸಿಕ್ಕರೆ ಕಪಾಟಿನಲ್ಲಿರುವ ನಿಮ್ಮ ಹಳೆಯ ಸ್ಲೈಡನ್ನು ಹುಡುಕಿ ತೆಗೆದು, ಹೊಸದರ ಪಕ್ಕ ಇಟ್ಟು, ಕಾಳು ದಪ್ಪಗಾಗಿದೆಯೋ ಸಣ್ಣಗಾಗಿದೆಯೋ ಅಂತ ನಾವು ಹೋಲಿಸಿ ನೋಡುತ್ತೇವೆ.

ನಮಸ್ಕಾರ.