ಹಿಂದಿನ ಡ್ರಮ್ ತೆಗೆದು ಡಿಸ್ಕ್ ಹಾಕುವಾಗ

ಎಲ್ಲರಿಗೂ ನಮಸ್ಕಾರ.

ಹಳೆಯ ಶೆವ್ರೊಲೆ ಮುಕ್ಕಾಲು ಟನ್, ಒಂದು ಟನ್ ಪಿಕಪ್‌ಗಳ ಹಿಂದಿನ ಆಕ್ಸಲ್‌ನ ಡ್ರಮ್ ಬ್ರೇಕ್ ತೆಗೆದು ಡಿಸ್ಕ್ ಬ್ರೇಕ್ ಹಾಕುವುದು ಇವತ್ತಿನ ವಿಷಯ. 1973ರಲ್ಲಿ ಬಂದ ಈ ಆಕ್ಸಲನ್ನು ಅಮೆರಿಕದ ಆಫ್‌ರೋಡ್ ಗ್ಯಾರೇಜುಗಳಲ್ಲಿ ‘ಫೋರ್ಟೀನ್ ಬೋಲ್ಟ್’ ಎಂದೇ ಕರೆಯುತ್ತಾರೆ. 10.5 ಇಂಚಿನ ಕ್ರೌನ್ ವೀಲ್, ಫುಲ್ ಫ್ಲೋಟಿಂಗ್ ಶಾಫ್ಟ್ (ಗಾಡಿಯ ಭಾರ ಹೊರದೆ ಚಕ್ರವನ್ನು ತಿರುಗಿಸುವಷ್ಟೇ ಮಾಡುವ ಶಾಫ್ಟ್), ಎಂಟು ವೀಲ್ ಬೋಲ್ಟ್. ಸುಲಭಕ್ಕೆ ಮುರಿಯುವ ಮಾಲಲ್ಲ. ಇದರ ತೊಂದರೆ ಇರುವುದು 13 ಇಂಚಿನ ಭಾರಿ ಡ್ರಮ್ಮುಗಳಲ್ಲಿ.

ಚಕ್ರದ ಜೊತೆ ತಿರುಗುವ ಡ್ರಮ್ಮಿಗೆ ಒಳಗಿನಿಂದ ಒತ್ತುವ ಶೂ, ಡ್ರಮ್ ತಿರುಗುವ ದಿಕ್ಕಿಗೆ ತಾನೇ ಸೆಳೆದುಕೊಂಡು ಇನ್ನಷ್ಟು ಬಿಗಿಯಾಗುತ್ತದೆ. ಒಣ ರಸ್ತೆಯಲ್ಲಿ ಇದು ಒಳ್ಳೆಯದೇ, ಕಡಿಮೆ ಒತ್ತಡದಲ್ಲೇ ಬ್ರೇಕ್ ಹಿಡಿಯುತ್ತದೆ. ಆದರೆ ಶೂ ಮೇಲಿನ ಉಜ್ಜುವ ಪದರ, ಅಂದರೆ ಲೈನಿಂಗ್, ಒಂದು ಕಡೆ ಒದ್ದೆ, ಇನ್ನೊಂದು ಕಡೆ ಒಣ ಇದ್ದರೆ ಆ ಸಣ್ಣ ವ್ಯತ್ಯಾಸವೂ ಹಾಗೆಯೇ ದೊಡ್ಡದಾಗಿ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ. ಒಳಗೆ ಹೊಕ್ಕ ಕೆಸರು ಹೊರಬರುವುದಿಲ್ಲ. ಉದ್ದದ ಇಳಿಜಾರಿನಲ್ಲಿ ಡ್ರಮ್ ಕಾದು ಹಿಗ್ಗಿ ಶೂವಿನಿಂದ ದೂರ ಸರಿಯುತ್ತದೆ, ಪೆಡಲ್ ಕೆಳಗಿಳಿಯುತ್ತದೆ. ಡಿಸ್ಕ್ ಹಾಕಿದ ಮಾತ್ರಕ್ಕೆ ಮೊದಲ ಬ್ರೇಕಿಗೇ ಗಾಡಿ ಬೇಗ ನಿಲ್ಲುತ್ತದೆ ಎಂದುಕೊಳ್ಳಬೇಡಿ. ಲಾಭ ಇರುವುದು ನೀರು ದಾಟಿದ ಮೇಲೂ ಪೆಡಲ್ ಮೊದಲಿನಂತೆಯೇ ಉತ್ತರ ಕೊಡುವುದರಲ್ಲಿ.

ಸಾಮಾನು ಹೆಚ್ಚೇನಿಲ್ಲ. 1970ರ ದಶಕದ ಮುಕ್ಕಾಲು ಟನ್ 4×4ನ ಮುಂದಿನ ರೋಟರ್ (ಡಿಸ್ಕ್) ಎರಡು, ಅರ್ಧ ಟನ್ ಪಿಕಪ್ಪಿನ ಮುಂದಿನ ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಎರಡು, ಅವನ್ನು ಕೂರಿಸುವ ಬ್ರಾಕೆಟ್ ಜೋಡಿ, ಹೋಸ್, ಹಬ್ ಸೀಲ್, ಹೋಸನ್ನು ಕ್ಯಾಲಿಪರಿಗೆ ಜೋಡಿಸುವ ಬ್ಯಾಂಜೊ ಬೋಲ್ಟಿಗೆ ಹೊಸ ತಾಮ್ರದ ವಾಷರ್ ತಲಾ ಎರಡು. 15 ಇಂಚಿನ ರಿಮ್ ಇದ್ದರೆ ಕ್ಯಾಲಿಪರ್ ತಾಗುವ ಸಾಧ್ಯತೆ ಹೆಚ್ಚು; ಖರೀದಿಗೆ ಮೊದಲೇ ರಿಮ್ ಇಟ್ಟು ನೋಡಿ.

ಗಾಡಿಯನ್ನು ಸ್ಟ್ಯಾಂಡ್ ಮೇಲೆ ಕೂರಿಸಿ, ಶಾಫ್ಟಿನ ಎಂಟು ಬೋಲ್ಟ್ ಬಿಚ್ಚಿ ಶಾಫ್ಟ್ ಎಳೆಯಿರಿ. ಗೇರ್ ಆಯಿಲ್ ಸುರಿಯುತ್ತದೆ, ಕೆಳಗೆ ತಟ್ಟೆ ಇರಲಿ. ಶೂ ಅಡ್ಜಸ್ಟರ್ ಹಿಂದಕ್ಕೆ ತಿರುಗಿಸಿ, ಬೇರಿಂಗ್ ನಟ್ ಬಿಚ್ಚಿದರೆ ಹಬ್ ಮತ್ತು ಡ್ರಮ್ ಒಟ್ಟಿಗೇ ಬರುತ್ತವೆ. ಬ್ಯಾಕಿಂಗ್ ಪ್ಲೇಟಿನ ನಾಲ್ಕು ಬೋಲ್ಟ್ ತೆಗೆದ ಜಾಗಕ್ಕೆ ಬ್ರಾಕೆಟ್ ಹೋಗುತ್ತದೆ. ಹಳೆಯ ಡ್ರಮ್ಮನ್ನು ಹಬ್ಬಿಗೆ ಕಚ್ಚಿಸಿರುವುದು ವೀಲ್ ಬೋಲ್ಟುಗಳೇ. ಅವನ್ನು ಪ್ರೆಸ್ಸಿನಲ್ಲಿ ತಳ್ಳಿ ತೆಗೆದು, ಹಬ್ಬಿನ ಹಿಂಬದಿಗೆ ರೋಟರ್ ಕೂರಿಸಿ, ಮತ್ತೆ ಪ್ರೆಸ್ ಮಾಡಬೇಕು. ಸುತ್ತಿಗೆಯಿಂದ ಹೊಡೆದರೆ ಬೋಲ್ಟ್ ಸೊಟ್ಟ ಕೂರುತ್ತದೆ. ಹಬ್ಬಿನ ಮುಖದ ತುಕ್ಕನ್ನು ಪೂರ್ತಿ ಉಜ್ಜಿ ತೆಗೆಯಿರಿ. ಒಂದು ಚೂರು ತುಕ್ಕು ಉಳಿದರೂ ರೋಟರ್ ಓಲಾಡುತ್ತದೆ. ಜೋಡಿಸಿದ ಮೇಲೆ ಡಯಲ್ ಗೇಜ್ ಹಿಡಿದು ನೋಡಿ, ಓಲಾಟ 0.1 ಮಿಮೀ ಒಳಗಿರಬೇಕು.

ಎಡದ ಕ್ಯಾಲಿಪರ್ ಬಲಕ್ಕೆ ಹಾಕಿದರೆ ಬ್ಲೀಡಿಂಗ್ ನಿಪ್ಪಲ್ (ಬ್ರೇಕ್ ಆಯಿಲಿನಲ್ಲಿ ಸೇರಿದ ಗಾಳಿ ಹೊರಬಿಡುವ ಬಾಯಿ) ಕೆಳಗೆ ಬರುತ್ತದೆ. ಗಾಳಿ ಮೇಲೆಯೇ ಉಳಿಯುವುದರಿಂದ ಎಷ್ಟು ಬ್ಲೀಡ್ ಮಾಡಿದರೂ ಪೆಡಲ್ ಸ್ಪಂಜಿನಂತೆಯೇ ಇರುತ್ತದೆ. ನಿಪ್ಪಲ್ ಎಲ್ಲಕ್ಕಿಂತ ಮೇಲಿರಲಿ. ಹೋಸಿನ ಉದ್ದವನ್ನು ಗಾಡಿ ನೆಲದ ಮೇಲಿದ್ದಾಗ ಅಳೆಯಬೇಡಿ. ಒಂದು ಚಕ್ರ ಪೂರ್ತಿ ಇಳಿಬಿದ್ದಾಗ, ಇನ್ನೊಂದು ಪೂರ್ತಿ ಮೇಲೆದ್ದಾಗ ನೋಡಿ.

ಇಲ್ಲಿಯವರೆಗಿನದು ಎರಡು ದಿನದ ಗ್ಯಾರೇಜ್ ಕೆಲಸ. ಬ್ರೇಕ್ ಕೆಡುವುದು ಇದರ ನಂತರ, ಪೈಪಿನಲ್ಲಿ. ನಾನು ಒತ್ತಿ ಹೇಳಬೇಕಾದದ್ದು ಇದನ್ನೇ.

ಪೆಡಲ್ ಒತ್ತಿದಾಗ ಬ್ರೇಕ್ ಆಯಿಲಿಗೆ ಒತ್ತಡ ಕೊಡುವುದು ಮಾಸ್ಟರ್ ಸಿಲಿಂಡರ್. ಹಳೆಯ ಸಿಲಿಂಡರುಗಳಲ್ಲಿ ಡ್ರಮ್ ಕಡೆಯ ಬಾಯಲ್ಲಿ ಸುಮಾರು 10 ಪಿಎಸ್‌ಐ ಒತ್ತಡ ಹಿಡಿದಿಡುವ ರೆಸಿಡುಯಲ್ ವಾಲ್ವ್ ಇರುತ್ತದೆ. ಅದನ್ನು ತೆಗೆಯದಿದ್ದರೆ ಪ್ಯಾಡ್ ಡಿಸ್ಕಿಗೆ ಉಜ್ಜುತ್ತಲೇ ಇದ್ದು ರೋಟರ್ ಬಿಸಿಯಾಗುತ್ತದೆ. ಎರಡನೆಯದು, ಮುಂದಿನ ಮತ್ತು ಹಿಂದಿನ ಬ್ರೇಕಿಗೆ ಒತ್ತಡ ಹಂಚಲು ಕಂಪನಿ ಕೊಟ್ಟ ಕಾಂಬಿನೇಷನ್ ವಾಲ್ವ್. ಅದರೊಳಗಿನ ಮೀಟರಿಂಗ್ ಭಾಗ, ಹಿಂದಿನ ಶೂ ಸ್ಪ್ರಿಂಗ್ ಮೀರಿ ಡ್ರಮ್ ಮುಟ್ಟುವವರೆಗೆ ಮುಂದಿನ ಡಿಸ್ಕನ್ನು ತಡೆದು ನಿಲ್ಲಿಸುತ್ತದೆ. ಹಿಂದೆಯೂ ಡಿಸ್ಕ್ ಬಂದ ಮೇಲೆ ಅಲ್ಲಿ ಕಾಯಲು ಏನೂ ಇಲ್ಲ, ಹಿಂದಿನ ಚಕ್ರವೇ ಮೊದಲು ಹಿಡಿಯುತ್ತದೆ. ಜೊತೆಗೆ ಹಿಂದೆಯೂ ಮುಂದಿನಷ್ಟೇ ದೊಡ್ಡ, ಸುಮಾರು 75 ಮಿಮೀ ಪಿಸ್ಟನ್. ಖಾಲಿ ಪಿಕಪ್ಪಿನ ಹಿಂಭಾಗ ಮೊದಲೇ ಹಗುರ, ಬ್ರೇಕ್ ಒತ್ತಿದಾಗ ಇನ್ನೂ ಹಗುರ. ಹಿಂದಿನ ಚಕ್ರ ಲಾಕ್ ಆದರೆ ಗಾಡಿ ಅಡ್ಡ ತಿರುಗುತ್ತದೆ.

ಅದಕ್ಕೇ ನಾಲ್ಕೂ ಡಿಸ್ಕಿಗೆ ಹೊಂದುವ ವಾಲ್ವ್, ಹಿಂದಿನ ಲೈನಿಗೆ ಮಾತ್ರ ಒತ್ತಡ ತಗ್ಗಿಸುವ, ಕೈಯಿಂದ ತಿರುಗಿಸುವ ಪ್ರಪೋರ್ಷನಿಂಗ್ ವಾಲ್ವ್ ಬೇಕು. ಹಳೆಯ ಕಾಂಬಿನೇಷನ್ ವಾಲ್ವನ್ನೂ ಉಳಿಸಿ ಹೊಸದನ್ನೂ ಸೇರಿಸಿದರೆ ಒತ್ತಡ ಎರಡು ಕಡೆ ಕಡಿತವಾಗಿ ಹಿಂದಿನ ಬ್ರೇಕ್ ಇದ್ದೂ ಇಲ್ಲದಂತಾಗುತ್ತದೆ. ಖಾಲಿ ಮೈದಾನದಲ್ಲಿ ಕಡಿಮೆ ಒತ್ತಡದಿಂದ ಶುರುಮಾಡಿ ಸ್ವಲ್ಪಸ್ವಲ್ಪವೇ ಏರಿಸಿ. ಜೋರಾಗಿ ಒತ್ತಿದಾಗ ಮುಂದಿನ ಚಕ್ರ ಮೊದಲು ಲಾಕ್ ಆಗಬೇಕು. ಇದನ್ನು ಗಾಡಿ ಖಾಲಿ ಇರುವಾಗಲೇ ಮಾಡಿ. ಹಿಂದಿನ ಚಕ್ರಕ್ಕೆ ಎಬಿಎಸ್ ಇರುವ ಗಾಡಿಯಾದರೆ, ಅದರ ಲೆಕ್ಕ ಡ್ರಮ್ಮಿಗೆ ಮಾಡಿದ್ದೆಂಬುದು ನೆನಪಿರಲಿ.

ಹಳೆಯ ಮಾಸ್ಟರ್ ಸಿಲಿಂಡರಿನಲ್ಲಿ ಡ್ರಮ್ ಕಡೆಯ ಬ್ರೇಕ್ ಆಯಿಲ್ ಕೋಣೆ ಚಿಕ್ಕದಿರುತ್ತದೆ. ಪ್ಯಾಡ್ ಸವೆದಂತೆ ಪಿಸ್ಟನ್ ಹೊರಬಂದು ಆಯಿಲ್ ಕೆಳಗಿಳಿಯುವುದರಿಂದ ದೊಡ್ಡ ಕೋಣೆಯ ಮಾಸ್ಟರ್ ಸಿಲಿಂಡರ್ ಬೇಕು. ಬೋರ್ ದೊಡ್ಡದಾದಷ್ಟೂ ಪೆಡಲ್ ಗಟ್ಟಿ, ಒತ್ತಡ ಕಡಿಮೆ; ಅತಿಗೆ ಹೋಗಬೇಡಿ.

ಈಗ ಹ್ಯಾಂಡ್‌ಬ್ರೇಕ್. ಡ್ರಮ್ ಜೊತೆಗೆ ಅದೂ ಹೋಯಿತು. ಪೈಪಿನಲ್ಲಿ ಆಯಿಲ್ ಒತ್ತಡ ಹಿಡಿದಿಡುವ ವಾಲ್ವ್, ಅಂದರೆ ಲೈನ್ ಲಾಕ್, ಹಾಕಿ ಮುಗಿಸುವವರಿದ್ದಾರೆ, ಅದು ಹ್ಯಾಂಡ್‌ಬ್ರೇಕ್ ಅಲ್ಲ. ಆಯಿಲ್ ಒತ್ತಡ ನಿಧಾನಕ್ಕೆ ಇಳಿದು ಇಳಿಜಾರಿನಲ್ಲಿ ನಿಂತ ಗಾಡಿ ಉರುಳುತ್ತದೆ. 1970ರ ದಶಕದ ಕ್ಯಾಡಿಲ್ಯಾಕ್ ಎಲ್ಡೊರಾಡೊದ ಹಿಂದಿನ ಕ್ಯಾಲಿಪರಿನಲ್ಲೇ ಹ್ಯಾಂಡ್‌ಬ್ರೇಕಿನ ಲಿವರ್ ಇದೆ. ಬಹಳ ಜನ ಅದನ್ನೇ ಹಾಕುತ್ತಾರೆ. ಆದರೆ ಅದರ ಪ್ಯಾಡ್ ಅಂತರ ಸರಿಹೋಗುವುದು ಲಿವರ್ ಎಳೆದಾಗ. ದಿನವೂ ಹ್ಯಾಂಡ್‌ಬ್ರೇಕ್ ಹಾಕದವರಿಗೆ ಪೆಡಲ್ ಇಳಿಯುತ್ತಾ ಹೋಗುತ್ತದೆ. ಬ್ಲೀಡ್ ಮಾಡಿ ಮಾಡಿ ಸುಸ್ತಾದವರು ಮೊದಲು ಲಿವರ್ ಹತ್ತಾರು ಸಲ ಎಳೆದು ನೋಡಲಿ. ಟ್ರಾನ್ಸ್‌ಫರ್ ಕೇಸಿನ (ಮುಂದಿನ, ಹಿಂದಿನ ಆಕ್ಸಲಿಗೆ ಶಕ್ತಿ ಹಂಚುವ ಪೆಟ್ಟಿಗೆ) ಹಿಂದೆ ಪ್ರೊಪೆಲ್ಲರ್ ಶಾಫ್ಟಿಗೆ ಬ್ರೇಕ್ ಕೂರಿಸುವುದು ಇನ್ನೊಂದು ದಾರಿ.

ಭಾರತದಲ್ಲಿ ಇಂಥ ಕೆಲಸ ಮಾಡುವವರು ಮೋಟಾರು ವಾಹನ ಕಾಯ್ದೆ, 1988ರಲ್ಲಿ ವಾಹನ ಮಾರ್ಪಾಡಿನ ಕುರಿತ ಸೆಕ್ಷನ್ 52 ಓದಿ, ಆರ್‌ಟಿಒದಲ್ಲಿ ಕೇಳಿಯೇ ಕೈಹಾಕಿ.

ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಲು ಗಂಟೆಗೆ 50 ಕಿ.ಮೀ.ಯಿಂದ 10ಕ್ಕೆ, ಪೂರ್ತಿ ನಿಲ್ಲಿಸದೆ, ಎಂಟು ಹತ್ತು ಸಲ ಬ್ರೇಕ್ ಒತ್ತಿ, ಆಮೇಲೆ ತಣಿಯಲು ಬಿಡಿ. ಮೊದಲ ಕೆಸರಿನ ಓಡಾಟದ ಬಳಿಕ ಚಕ್ರ ಬಿಚ್ಚಿ ಒಳ ಪ್ಯಾಡ್ ಮತ್ತು ಹೊರ ಪ್ಯಾಡ್ ದಪ್ಪ ಹೋಲಿಸಿ. ಒಳಗಿನದು ಹೆಚ್ಚು ಸವೆದಿದ್ದರೆ ಕ್ಯಾಲಿಪರ್ ಪಿನ್ ಮಣ್ಣು ತುಂಬಿ ಕಚ್ಚಿಕೊಂಡಿದೆ ಎಂದರ್ಥ. ಪಿನ್ ತೆಗೆದು ಒರೆಸಿ, ಸಿಲಿಕೋನ್ ಗ್ರೀಸ್ ಹಚ್ಚಿ ಕೂರಿಸಿ.