ಕಬನ್ಯಾಲಿನ ಬೀದಿಗಳಲ್ಲಿ ಒಂದು ಬೆಳಗ್ಗೆ

ಕೇಳುಗರಿಗೆ ನಮಸ್ಕಾರ.

ಸ್ಪೇನ್ ದೇಶದ ವಲೆನ್ಸಿಯಾಕ್ಕೆ ಹೋದವರು ಸಾಮಾನ್ಯವಾಗಿ ಹಳೇ ಪೇಟೆ ಸುತ್ತುತ್ತಾರೆ, ಪಯೆಯಾ ಎಂಬ ಅನ್ನದ ಅಡುಗೆ ತಿನ್ನುತ್ತಾರೆ, ಹೊರಡುತ್ತಾರೆ. ಆದರೆ ಹಳೇ ಪೇಟೆಯಿಂದ ಕಡಲಿಗೆ ಮೂರು ನಾಲ್ಕು ಕಿಲೋಮೀಟರ್ ದೂರ. ಕಡಲ ಬದಿಗೆ ಇರುವುದು ಬೇರೆಯದೇ ಊರು, ಕಬನ್ಯಾಲ್. ಬೇರೆಯದೇ ಊರು ಅಂತ ಸುಮ್ನೆ ಹೇಳುತ್ತಿಲ್ಲ. 1837ರಿಂದ 1897ರವರೆಗೆ ಈ ಮೀನುಗಾರರ ಕೇರಿಗಳಿಗೆ ತಮ್ಮದೇ ಪುರಸಭೆ ಇತ್ತು. ಅದರ ಹೆಸರು ಪೋಬ್ಲೆ ನೌ ದೆ ಲಾ ಮಾರ್. ಕಡಲ ಹೊಸ ಊರು ಅಂತ ಅರ್ಥ. ಆಮೇಲೆ ವಲೆನ್ಸಿಯಾ ಅದನ್ನು ತನ್ನೊಳಗೆ ಸೇರಿಸಿಕೊಂಡಿತು. ಆದರೂ ಅಲ್ಲಿನ ಹಿರಿಯರು ಪೇಟೆಗೆ ಹೊರಟಾಗ ಇವತ್ತಿಗೂ "ವಲೆನ್ಸಿಯಾಕ್ಕೆ ಹೋಗಿ ಬರ್ತೀನಿ" ಅನ್ನುತ್ತಾರೆ.

ನಾನು ಟ್ರಾಮ್ ಇಳಿದು ಒಳಗೆ ನಡೆದಾಗ ಮೊದಲು ಕಣ್ಣಿಗೆ ಬಿದ್ದದ್ದು ಬೀದಿಗಳ ಸಾಲು. ಉದ್ದುದ್ದ ಬೀದಿಗಳು, ಎಲ್ಲವೂ ಕಡಲಿಗೆ ಸಮಾನಾಂತರ. ಇದು ಯಾವ ಇಂಜಿನಿಯರ್ ಎಳೆದ ಗೆರೆಯೂ ಅಲ್ಲ. ಮೊದಲು ಇಲ್ಲಿ ಬರಾಕಾ ಎಂಬ ಗುಡಿಸಲುಗಳಿದ್ದವು. ಮಣ್ಣಿನ ಗೋಡೆ, ಜೊಂಡು ಮತ್ತು ಹುಲ್ಲಿನ ಚೂಪು ಮಾಡು. ಕಬನ್ಯಾಲ್ ಅಂದರೇ ಗುಡಿಸಲುಗಳ ಜಾಗ. ಮೀನುಗಾರರು ಅವನ್ನು ಕಡಲಿಗೆ ಸಾಲಾಗಿ ಕಟ್ಟಿಕೊಂಡಿದ್ದರು. ಹುಲ್ಲಿನ ಮಾಡಿಗೆ ಬೆಂಕಿ ಬಿದ್ದರೆ ಕೇಳಬೇಕೆ? 1796ರಲ್ಲಿ ಒಮ್ಮೆ, 1875ರಲ್ಲಿ ಇನ್ನೊಮ್ಮೆ ಸಾಲು ಸಾಲೇ ಸುಟ್ಟುಹೋಯಿತು. ಜನ ಇಟ್ಟಿಗೆ ಮನೆ ಕಟ್ಟಿದರು. ಆದರೆ ಗುಡಿಸಲು ನಿಂತಿದ್ದ ಜಾಗದಲ್ಲೇ ಕಟ್ಟಿದರು. ಹಾಗಾಗಿ ಗುಡಿಸಲು ಹೋದರೂ ಅದರ ಅಳತೆ ಉಳಿಯಿತು. ಕಿರಿದಾದ ಮುಖ, ಉದ್ದನೆ ಒಳಮನೆ.

ಆ ಮನೆಗಳ ಮುಂಗೋಡೆ ನೋಡಬೇಕು ನೀವು. ಹಸಿರು, ನೀಲಿ, ಬಿಳಿ, ಕೆಂಗಂದು. ಮೆರುಗು ಹಂಚುಗಳನ್ನು ಮೇಲಿಂದ ಕೆಳತನಕ ಅಂಟಿಸಿದ್ದಾರೆ. ಹೂವು, ಬಳ್ಳಿ, ಒಂದೊಂದು ಕಡೆ ದೋಣಿ. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಪೇಟೆಯ ಶ್ರೀಮಂತರು ಅಲಂಕಾರದ ಮನೆ ಕಟ್ಟಿಸುತ್ತಿದ್ದರು. ಅದನ್ನು ಕಂಡ ಮೀನುಗಾರರೂ ತಮ್ಮ ಕೈಗೆಟುಕುವ ಹಂಚಿನಲ್ಲಿ, ತಮ್ಮ ಇಷ್ಟದ ಬಣ್ಣದಲ್ಲಿ ಮನೆ ಸಿಂಗರಿಸಿದರು. ಉಪ್ಪುಗಾಳಿಯ ಊರಿನಲ್ಲಿ ಹಂಚು ಗೋಡೆಯನ್ನೂ ಕಾಯುತ್ತದೆ. ನನಗೆ ಇಡೀ ವಲೆನ್ಸಿಯಾದಲ್ಲಿ ಇದಕ್ಕಿಂತ ಚೆಂದದ ಬೀದಿ ಕಾಣಲಿಲ್ಲ.

ಈ ಬೀದಿಗಳು ಇವತ್ತು ಇರುವುದೇ ಒಂದು ದೊಡ್ಡ ವಿಷಯ. ಪಶ್ಚಿಮದಿಂದ ಬರುವ ಬ್ಲಾಸ್ಕೊ ಇಬಾನ್ಯೆಸ್ ಎಂಬ ಅಗಲವಾದ ರಸ್ತೆ ಕಬನ್ಯಾಲ್ ಅಂಚಿಗೆ ಬಂದು ನಿಲ್ಲುತ್ತದೆ. ಅದನ್ನು ಕಡಲವರೆಗೆ ಒಯ್ಯಬೇಕು ಅಂತ 1998ರಲ್ಲಿ ನಗರಾಡಳಿತ ಯೋಜನೆ ಹಾಕಿತು. ಒಯ್ದಿದ್ದರೆ ಕೇರಿ ನಡುವೆ ಸೀಳಿ ಎರಡಾಗುತ್ತಿತ್ತು. ಸುಮಾರು 1,600 ಮನೆಗಳು ನೆಲಕ್ಕುರುಳುತ್ತಿದ್ದವು. ಇದು ಸಂರಕ್ಷಿಸಬೇಕಾದ ಪರಂಪರೆ ಅಂತ ಸರ್ಕಾರವೇ 1993ರಲ್ಲಿ ಘೋಷಿಸಿದ್ದ ಜಾಗ!

ನಿವಾಸಿಗಳು 'ಸಾಲ್ವೆಮ್ ಎಲ್ ಕಬನ್ಯಾಲ್' ಅಂತ ಸಂಘಟನೆ ಕಟ್ಟಿದರು. ಕಬನ್ಯಾಲನ್ನು ಉಳಿಸೋಣ ಅಂತ. ಮೆರವಣಿಗೆ ಮಾಡಿದರು, ಕೋರ್ಟಿಗೆ ಹೋದರು. ನನ್ನ ಮನಸ್ಸಿಗೆ ಹಿಡಿಸಿದ್ದು ಮಾತ್ರ ಅವರು ಮಾಡಿದ ಇನ್ನೊಂದು ಕೆಲಸ. ತಮ್ಮ ಸ್ವಂತ ಮನೆಗಳ ಬಾಗಿಲು ತೆರೆದು ಒಳಗೆ ಕಲಾವಿದರಿಗೆ ಪ್ರದರ್ಶನ ಇಡಲು ಕೊಟ್ಟರು. ಚಿತ್ರ ನೋಡಲು ಬಂದವರು ಮನೆಯನ್ನೂ ನೋಡಿದರು. ಹಜಾರ, ಹಿಂದಿನ ಅಂಗಳ, ಅಜ್ಜಿಯ ಕುರ್ಚಿ. ಒಡೆಯಲು ಹೊರಟಿರುವುದು ಏನನ್ನು ಅಂತ ಕಣ್ಣಾರೆ ಕಂಡರು. 2009ರಲ್ಲಿ ಸಂಸ್ಕೃತಿ ಸಚಿವಾಲಯ ಈ ಯೋಜನೆ ಪರಂಪರೆಯನ್ನು ಹಾಳುಮಾಡುತ್ತದೆ ಅಂತ ತಡೆ ಹಾಕಿತು. 2015ರಲ್ಲಿ ನಗರದ ಆಡಳಿತ ಬದಲಾದ ಮೇಲೆ ಯೋಜನೆ ಕೈಬಿಟ್ಟರು. ಹದಿನೇಳು ವರ್ಷ! ಅಷ್ಟರಲ್ಲಿ ಎಷ್ಟೋ ಮನೆಗಳು ಬಿದ್ದಾಗಿತ್ತು. ಹಲ್ಲು ಉದುರಿದ ಹಾಗೆ ಸಾಲಿನ ನಡುವೆ ಖಾಲಿ ಜಾಗಗಳು ಈಗಲೂ ಕಾಣುತ್ತವೆ. ಈಗ ಪ್ರವಾಸಿಗರಿಗೆ ಬಾಡಿಗೆ ಕೊಡುವ ಮನೆಗಳು ಜಾಸ್ತಿಯಾಗಿ, ಅಲ್ಲೇ ಹುಟ್ಟಿದವರಿಗೆ ಬಾಡಿಗೆ ಕಟ್ಟುವುದು ಕಷ್ಟವಾಗಿದೆ.

ಕಡಲ ಕಡೆಗೆ ನಡೆದರೆ 'ಕಾಸಾ ದೆಲ್ಸ್ ಬೌಸ್' ಸಿಗುತ್ತದೆ. ಎತ್ತುಗಳ ಮನೆ. ಮೀನುಗಾರರ ಕೇರಿಯಲ್ಲಿ ಎತ್ತು ಯಾಕೆ ಅಂತೀರಾ? ಕಡಲಿಂದ ಬಂದ ದೋಣಿಗಳನ್ನು ಮರಳಿನ ಮೇಲೆ ಎಳೆಯುತ್ತಿದ್ದದ್ದು ಜೋಡಿ ಎತ್ತುಗಳು. ಎದೆಮಟ್ಟ ನೀರಿಗೆ ಇಳಿದು ಎಳೆಯುತ್ತಿದ್ದವು. ಎರಡು ಹಾಯಿದೋಣಿ ಜೊತೆಯಾಗಿ ಒಂದೇ ಬಲೆ ಎಳೆಯುವ ಮೀನುಗಾರಿಕೆಗೂ ಅವರು ಕೊಟ್ಟ ಹೆಸರು 'ಬೌ', ಅಂದರೆ ಎತ್ತು. ನೊಗಕ್ಕೆ ಕಟ್ಟಿದ ಜೋಡಿಯ ಹಾಗೆ ಹೋಗುತ್ತವಲ್ಲ, ಅದಕ್ಕೇ.

ಈ ಎತ್ತು, ದೋಣಿ, ಬೆಳಕನ್ನೆಲ್ಲ ಚಿತ್ರಿಸಿದವರು ವಲೆನ್ಸಿಯಾದಲ್ಲೇ ಹುಟ್ಟಿದ ಹೋಕಿನ್ ಸೊರೋಯಾ. ಅವರು 1894ರಲ್ಲಿ ಬರೆದ ಒಂದು ಚಿತ್ರ ಮ್ಯಾಡ್ರಿಡ್‌ನ ಪ್ರಾದೋ ಸಂಗ್ರಹದಲ್ಲಿದೆ. ದೋಣಿಯ ಒಳಗೆ ಗಾಯಗೊಂಡ ಎಳೆ ಹುಡುಗ. ಇಬ್ಬರು ಮುದುಕ ಮೀನುಗಾರರು ಅವನ ಮೇಲೆ ಬಾಗಿದ್ದಾರೆ. ಹಿಂದೆ ಆ ದಿನ ಹಿಡಿದ ಮೀನು. ಚಿತ್ರದ ಹೆಸರು: 'ಇಷ್ಟಾದರೂ ಮೀನು ದುಬಾರಿ ಅಂತಾರೆ!'

ಆ ಹೆಸರು ನನಗೆ ನೆನಪಾದದ್ದು ಕಬನ್ಯಾಲ್ ಮಾರುಕಟ್ಟೆಯಲ್ಲಿ, ಮೀನಿನ ಬೆಲೆ ಕೇಳಿ ಮುಖ ಸಣ್ಣ ಮಾಡಿಕೊಂಡು ನಿಂತಾಗ. ಇಲ್ಲಿ ಕಡಲ ತಳದಲ್ಲಿ ಬಲೆ ಎಳೆಯುವ ಟ್ರಾಲ್ ದೋಣಿಗಳು ಮನಸ್ಸಿಗೆ ಬಂದಷ್ಟು ದಿನ ಕಡಲಿಗೆ ಹೋಗುವಂತಿಲ್ಲ. ಮೆಡಿಟರೇನಿಯನ್‌ನಲ್ಲಿ ಮೀನು ಕಡಿಮೆಯಾಯಿತು ಅಂತ ಯುರೋಪಿಯನ್ ಒಕ್ಕೂಟ 2019ರಲ್ಲಿ ನಿಯಮ ತಂದು ಮೀನುಗಾರಿಕೆಯ ದಿನಗಳನ್ನು ಇಳಿಸುತ್ತಾ ಬಂದಿದೆ. ಮೀನು ಉಳಿಯಬೇಕು, ನಿಜ. ದೋಣಿ ನಡೆಸುವವನ ಮನೆಯೂ ನಡೆಯಬೇಕು, ಅಲ್ವಾ?

ಊಟದ ವಿಷಯಕ್ಕೆ ಬರುತ್ತೇನೆ. ಬೆಳಗ್ಗೆ ಒಂಬತ್ತೂವರೆ, ಹತ್ತರ ಹೊತ್ತಿಗೆ ಇಲ್ಲಿನವರು 'ಎಸ್ಮೊರ್ಸಾರ್'ಗೆ ಕೂರುತ್ತಾರೆ. ತಿಂಡಿ ಅಂದರೆ ಅದಕ್ಕೆ ಅವಮಾನ. ಮೊಳದುದ್ದದ ಬ್ರೆಡ್ಡಿನೊಳಗೆ ಕಾವಲಿಯಲ್ಲಿ ಸುಟ್ಟ ಸೆಪಿಯಾ, ಜೊತೆಗೆ ಕಡಲೆಕಾಯಿ, ಆಲಿವ್. ಸೆಪಿಯಾ ನಮ್ಮ ಕರಾವಳಿಯ ಬೊಂಡಾಸಿನ ಬಳಗದ್ದು. ಕೊನೆಗೆ ರಮ್ ಉರಿಸಿ ಮಾಡುವ ಕ್ರೆಮಾಯೆತ್ ಕಾಫಿ.

ಕಬನ್ಯಾಲಿನದೇ ಸ್ವಂತ ಅಡುಗೆ ಅಂದರೆ ತಿತಾಯ್ನಾ. ಟೊಮೆಟೊ, ಕೆಂಪು ಹಸಿರು ದೊಣ್ಣೆಮೆಣಸು, ಪೈನ್ ಬೀಜ, ಬೆಳ್ಳುಳ್ಳಿ ಎಲ್ಲ ಎಣ್ಣೆಯಲ್ಲಿ ನಿಧಾನವಾಗಿ ಬಾಡಬೇಕು. ಅದಕ್ಕೆ ಉಪ್ಪು ಹಾಕಿಟ್ಟ ಟ್ಯೂನಾ ಮೀನಿನ ಹೊಟ್ಟೆಯ ಭಾಗ ಸೇರಬೇಕು. ಈಸ್ಟರ್ ಹೊತ್ತಿಗಂತೂ ಮನೆಮನೆಯಲ್ಲೂ ಇದೇ ವಾಸನೆ. ಗುಡ್ ಫ್ರೈಡೇ ಬೆಳಗ್ಗೆ ಇಲ್ಲಿನವರು ಕ್ರಿಸ್ತನ ಮೂರ್ತಿಯನ್ನು ಮರಳಿನವರೆಗೆ ಹೊತ್ತು ತಂದು, ಕಡಲಲ್ಲಿ ತೀರಿಕೊಂಡವರಿಗಾಗಿ ಪ್ರಾರ್ಥಿಸಿ, ನೀರಿಗೆ ಒಂದು ಎಲೆಹಾರ ಬಿಡುತ್ತಾರೆ. ಆಮೇಲೆ ಮನೆಗೆ ಬಂದು ಉಣ್ಣುತ್ತಾರೆ.

ಅರ್ರೋಸ್ ಆ ಬಾಂದಾ ಕೂಡ ಈ ಕರಾವಳಿಯ ಮೀನುಗಾರರು ಕಂಡುಕೊಂಡದ್ದೇ. ಮಾರಾಟಕ್ಕೆ ಬಾರದ ಚಿಲ್ಲರೆ ಮೀನು ಕುದಿಸಿ, ಆ ರಸದಲ್ಲಿ ಅಕ್ಕಿ ಬೇಯಿಸುವುದು. ಮೀನನ್ನು ಬೇರೆ ತಟ್ಟೆಯಲ್ಲಿ ಕೊಡುವುದು. 'ಆ ಬಾಂದಾ' ಅಂದರೆ ಬದಿಗೆ, ಬೇರೆಯಾಗಿ ಅಂತ. ಅನ್ನದಲ್ಲಿ ಮೀನಿನ ತುಂಡು ಕಾಣುವುದಿಲ್ಲ. ಆದರೆ ಒಂದೊಂದು ಅಗುಳಿನಲ್ಲೂ ಕಡಲು ಇರುತ್ತದೆ.

ನಾನು ಹೋದದ್ದು ಜೂನ್‌ನಲ್ಲಿ. ಅದು ಕ್ಲೋಚಿನಾ ಕಾಲ. ಕ್ಲೋಚಿನಾ ಅಂದರೆ ವಲೆನ್ಸಿಯಾದ ಬಂದರಿನೊಳಗೆ, ತೇಲುವ ಚೌಕಟ್ಟಿಗೆ ಹಗ್ಗ ಇಳಿಬಿಟ್ಟು ಬೆಳೆಸುವ ಪುಟ್ಟ ಕಪ್ಪೆಚಿಪ್ಪು. ನಮ್ಮ ಕಡೆ ನೀಲಿಕಲ್ಲು ಅನ್ನುತ್ತಾರಲ್ಲ, ಅದರ ದಾಯಾದಿ. 'ಆರ್' ಅಕ್ಷರ ಇಲ್ಲದ ತಿಂಗಳಲ್ಲಿ ತಿನ್ನಬೇಕು ಅಂತ ಅವರ ಲೆಕ್ಕ. ಮೇ, ಜೂನ್, ಜುಲೈ, ಆಗಸ್ಟ್. ಅರ್ಧ ಕಿಲೋ ಕೊಂಡೆ. ಹೇಗೆ ಮಾಡಲಿ ಅಂತ ಕೇಳಿದೆ. ಅಂಗಡಿಯಾಕೆ ಬೆರಳು ಆಡಿಸಿ ಮೊದಲು ಹೇಳಿದ್ದು ಒಂದೇ: ನೀರು ಹಾಕಬೇಡ. ಒಂದಿಷ್ಟು ಬೆಳ್ಳುಳ್ಳಿ, ಒಂದು ಬೇ ಎಲೆ, ಕಾಳುಮೆಣಸು, ನಿಂಬೆ. ಮುಚ್ಚಳ ಮುಚ್ಚು. ಬಾಯಿ ತೆರೆದ ಕೂಡಲೇ ಇಳಿಸು.

ಹಾಗೇ ಮಾಡಿದೆ. ಮೂರ್ನಾಲ್ಕು ನಿಮಿಷಕ್ಕೆ ಚಿಪ್ಪುಗಳು ಒಂದೊಂದಾಗಿ ಬಾಯಿಬಿಟ್ಟವು. ತಳದಲ್ಲಿ ಬೆರಳೆತ್ತರದ ರಸ ನಿಂತಿತ್ತು, ಅಷ್ಟೂ ಅವುಗಳೊಳಗಿನದೇ. ಖಾಲಿ ಚಿಪ್ಪನ್ನೇ ಚಮಚ ಮಾಡಿಕೊಂಡು ಕೊನೆಯ ಹನಿಯವರೆಗೆ ಕುಡಿದೆ.

ನಮಸ್ಕಾರ.